ಬೋರ್ಡಿಗೆ ನೆಗಡಿ

ವೇದ ಸುಳ್ಳಾದರೂ ಗಾದೆ ಸುಳ್ಳಾಗದು. ಗಾದೆ ಸುಳ್ಳಾದರೂ ಈ ಕತೆ ಸುಳ್ಳಾಗದು. ಮೈ ಬೆವರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ಆ ಬಡಾವಣೆಯ ಜನ ನಂಬಿಕೊಂಡು ಬಹಳ ಕಾಲವಾಗಿತ್ತು. ಮೈಯೇನೋ ದಿನವೂ ತಪ್ಪದೆ ಬೆವರುತ್ತಿತ್ತು. ಮೊಸರು ಮಾತ್ರ ಬಾಯಿಗೆ ಬರುವಷ್ಟರಲ್ಲಿ ಹುಳಿಯಾಗಿರುತ್ತಿತ್ತು.

ಬಡಾವಣೆಯ ದೊಡ್ಡ ರಸ್ತೆಯಲ್ಲಿ ಒಂದು ಗಡಿಯಾರ ರಿಪೇರಿ ಅಂಗಡಿ. ಅದರ ಯಜಮಾನ ಸಣಕಲು ಆಸಾಮಿ, ಕೂತಲ್ಲಿ ಕೂರದೆ ತಿರುಗುವವನು. ಜನ ಅವನಿಗೆ ಸೆಕೆಂಡು ಮುಳ್ಳು ಎಂದು ಹೆಸರಿಟ್ಟು, ಮರ್ಯಾದೆಗೆ ಒಂದು ಅಣ್ಣ ಸೇರಿಸಿ, ಮುಳ್ಳಣ್ಣ ಎಂದು ಕರೆಯುತ್ತಿದ್ದರು. ಅವನು ಇಟ್ಟುಕೊಟ್ಟ ಟೈಮು ತಪ್ಪಿದ್ದಿಲ್ಲ. ಆ ಹೆಸರನ್ನು ನಂಬಿಯೇ ನಗರಸಭೆಯವರು ಹೋದ ವರ್ಷ ಉಷ್ಣಾಂಶ ತೋರಿಸುವ ದೊಡ್ಡ ಬೋರ್ಡೊಂದನ್ನು ತಂದು, ಅವನ ಅಂಗಡಿಯ ತಲೆಯ ಮೇಲೆ ಕೂರಿಸಿ, "ನೋಡ್ಕೊಳ್ಳಪ್ಪ" ಎಂದು ಹೇಳಿ ಹೋಗಿದ್ದರು. ಬೋರ್ಡಿನ ಮೇಲೆ ಮೊಳದುದ್ದದ ಕೆಂಪು ಅಂಕಿಗಳು. ಹಿಂದಿನಿಂದ ಇಳಿದ ಒಂದು ವಯರು ಅಂಗಡಿಯ ಹಿತ್ತಿಲಿನ ನೆರಳಲ್ಲಿ ತೂಗುತ್ತಿತ್ತು. ಅದರ ತುದಿಯಲ್ಲಿ ಬೆರಳುದ್ದದ ಲೋಹದ ಕಡ್ಡಿ. ಗಾಳಿ ಎಷ್ಟು ಬಿಸಿ ಎಂದು ಮೂಸಿ ನೋಡಿ ಬೋರ್ಡಿಗೆ ಹೇಳುವುದು ಅದೇ. ಮುಳ್ಳಣ್ಣ ಅದನ್ನು ಬೋರ್ಡಿನ ಮೂಗು ಎನ್ನುತ್ತಿದ್ದ.

ಬೋರ್ಡು ಬಂದ ಮೇಲೆ ಜನಕ್ಕೆ ತಮ್ಮ ಚರ್ಮದ ಮೇಲಿದ್ದ ನಂಬಿಕೆ ಹೋಯಿತು. ಸೆಕೆ ಆಗ್ತಿದೆಯಾ ಎಂದು ಕೇಳಿದರೆ, "ತಡಿ, ನೋಡ್ಕೊಂಡು ಬರ್ತೀನಿ" ಎಂದು ರಸ್ತೆಯ ತಿರುವಿನವರೆಗೆ ನಡೆದು, ಬೋರ್ಡು ಓದಿ ಬಂದು, "ಹೌದು, ಆಗ್ತಿದೆ" ಎನ್ನುವ ಸ್ಥಿತಿ.

ತಾಪತ್ರಯ ಶುರುವಾದದ್ದು ಒಂದು ಬೆಳಗ್ಗೆ ಮುಳ್ಳಣ್ಣನ ಮನೆಯಲ್ಲಿ. ಮನೆ ಅಂಗಡಿಗೆ ಎದುರಾಗಿ, ಮಹಡಿಯ ಮೇಲೆ. ಅವನ ಹೆಂಡತಿ ಕಿಟಕಿಯ ಪಕ್ಕ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದಳು. ತಲೆ ಎತ್ತಿದರೆ ಕಣ್ಣಿಗೆ ಬೀಳುವುದೇ ಬೋರ್ಡು. ತಂಪಾದ ಊರೊಂದರಲ್ಲಿದ್ದ ಅವಳ ತಂಗಿ ಆಗತಾನೇ ಫೋನು ಮಾಡಿದ್ದಳು.

"ರೀ, ಅವಳ ಮನೆ ಕೆಳಗೇ ಅಂಗಡಿ ಖಾಲಿ ಇದೆಯಂತೆ. ಅಲ್ಲಿ ಫ್ಯಾನ್ ಹಾಕ್ಕೊಂಡ್ರೆ ತಲೆ ಕೆಟ್ಟಿದೆ ಅಂತಾರಂತೆ. ಹೋಗೋಣ."

"ಅಲ್ಲಿ ನಾನ್ಯಾರು ಅಂತ ಯಾರಿಗೆ ಗೊತ್ತು? ಇಲ್ಲಿ ಟಿಕ್ ಟಿಕ್ ಸದ್ದು ಕೇಳಿದ್ರೆ ಅದು ಯಾರ ಮನೆ ವಾಚು ಅಂತ ಹೇಳ್ತೀನಿ."

"ಹೆಂಡ್ತಿ ಬೇಯೋ ಸದ್ದು ಮಾತ್ರ ಕೇಳಿಸಲ್ಲ."

"ಈ ಊರಿಗೆ ಏನಾಗಿದೆ ಹೇಳು. ನಲ್ಲೀಲಿ ನೀರು ಬರುತ್ತೆ, ಬಾಗಿಲಿಗೆ ಬಸ್ಸು ಬರುತ್ತೆ."

"ಬರುತ್ತೆ. ನೀರು ಕುದ್ದೇ ಬರುತ್ತೆ. ಬಸ್ಸಿನ ಸೀಟಲ್ಲಿ ಕೂತ್ರೆ ಬಟ್ಟೆ ಇಸ್ತ್ರಿ ಆಗುತ್ತೆ."

ಮುಳ್ಳಣ್ಣ ಬಾಯಿ ತೆರೆಯುವ ಮೊದಲೇ ಅವಳು ತೀರ್ಪು ಕೊಟ್ಟಳು. "ಜಗಳ ಬೇಡ. ನಿಮ್ಮ ಬೋರ್ಡೇ ಹೇಳ್ಲಿ. ಇವತ್ತು ಸಂಜೆ ಐದರೊಳಗೆ ಅದು ನಲವತ್ತು ದಾಟಿದ್ರೆ ಗಂಟುಮೂಟೆ ಕಟ್ಟೋದು. ದಾಟ್ಲಿಲ್ವಾ, ಸೆಕೆ ಅನ್ನೋ ಮಾತನ್ನ ಈ ಜನ್ಮದಲ್ಲಿ ನಾನು ಎತ್ತಲ್ಲ."

ವಾರವಿಡೀ ಬೋರ್ಡು ಮೂವತ್ತೆಂಟರ ಮೇಲೆ ಹತ್ತಿರಲಿಲ್ಲ. ಮುಳ್ಳಣ್ಣ ಆಯಿತು ಎಂದು ಕೈಮೇಲೆ ಕೈ ಹಾಕಿ, ಶಿಳ್ಳೆ ಹೊಡೆಯುತ್ತ ಮೆಟ್ಟಿಲಿಳಿದ.

ಶಿಳ್ಳೆ ಹನ್ನೊಂದು ಗಂಟೆಗೆ ನಿಂತಿತು. ಬೋರ್ಡಿನ ಮೇಲೆ ಮೂವತ್ತೊಂಬತ್ತು. ಮಧ್ಯಾಹ್ನಕ್ಕೆ ಸರಿಯಾಗಿ ನಲವತ್ತು. ನಲವತ್ತು ಎಂದರೆ ಹೊಸ್ತಿಲು, ದಾಟಿದ ಲೆಕ್ಕವಲ್ಲ. ಎದುರು ಕಿಟಕಿಯಿಂದ ಹೆಂಡತಿ ನಗುತ್ತ ಒಂದು ಬೆರಳು ಎತ್ತಿ ತೋರಿಸಿದಳು. ಇನ್ನೊಂದೇ ಒಂದು.

ಮುಳ್ಳಣ್ಣ ಮುಖಕ್ಕೆ ನೀರು ಹಾಕಿಕೊಳ್ಳಲು ಹಿತ್ತಿಲಿಗೆ ಹೋದ. ಕೈಯಲ್ಲಿ ಒದ್ದೆ ಕರ್ಚೀಫು. ಎದುರಿಗೆ ಬೋರ್ಡಿನ ಮೂಗು. ಅತ್ತಿತ್ತ ನೋಡಿದ. ಜ್ವರ ಬಂದ ಮಗುವಿನ ಹಣೆಗೆ ಪಟ್ಟಿ ಹಾಕುವಷ್ಟು ಮೆಲ್ಲಗೆ ಕರ್ಚೀಫನ್ನು ಅದಕ್ಕೆ ಸುತ್ತಿದ. ಅವನು ಮುಂದೆ ಬಂದು ಕೂರುವಷ್ಟರಲ್ಲಿ ಬೋರ್ಡು ಮೂವತ್ತಾರಕ್ಕೆ ಇಳಿದಿತ್ತು. ಒಂದು ವಾಚಿನ ಮುಚ್ಚಳ ತೆಗೆಯುವಷ್ಟರಲ್ಲಿ ಮೂವತ್ತೊಂದಕ್ಕೆ ಬಂದು ನಿಂತಿತು. ಕಿಟಕಿಯಲ್ಲಿ ಹೆಂಡತಿ ಆಕಾಶ ನೋಡಿದಳು, ಬೋರ್ಡು ನೋಡಿದಳು, ತನ್ನ ಮೊಣಕೈಯ ಬೆವರು ನೋಡಿದಳು, ಮತ್ತೆ ಆಕಾಶ ನೋಡಿದಳು. ಮೋಡದ ಒಂದು ಚೂರೂ ಇರಲಿಲ್ಲ.

ಮೊದಲು ಬಂದವನು ಪಕ್ಕದ ಕೂಲರ್ ಅಂಗಡಿಯವನು.

"ಅಣ್ಣ, ನಿನ್ನ ಬೋರ್ಡಿಗೆ ಏನು ಬಂತು?"

"ಏನೂ ಇಲ್ಲಪ್ಪ. ಗಾಳಿ ತಿರುಗಿರಬೇಕು."

"ಯಾವ ಗಾಳಿ? ಗಿರಾಕಿ ಕೂಲರ್ ಪ್ಯಾಕ್ ಮಾಡಿಸಿ ಆಗಿತ್ತು. ತಿರುಗಿ ಬೋರ್ಡು ನೋಡಿದ. 'ಮೂವತ್ತೊಂದಕ್ಕೆ ಕೂಲರ್ ಯಾಕೆ, ಕಿಟಕಿ ತೆಗೆದ್ರೆ ಸಾಕು' ಅಂತ ಎದ್ದೇ ಹೋದ. ಶರ್ಟು ಹಿಂಡ್ತಾ ಹೋದ ಕಣಣ್ಣ."

"ಹಾಗಾದ್ರೆ ಅವನ ಮೈಯಲ್ಲೇ ಏನೋ ಐಬು."

ಕೂಲರಿನವನು ತನ್ನ ಕತ್ತು ಮುಟ್ಟಿ ನೋಡಿಕೊಂಡ. "ನನಗೂ ಅದೇ ಐಬಾ?" ಎಂದು ಗೊಣಗುತ್ತ ಹೋದ.

ಒದ್ದೆ ಕರ್ಚೀಫಿನ ಒಂದು ಕೆಟ್ಟ ಗುಣವೆಂದರೆ ಅದು ಒಣಗುತ್ತದೆ. ಒಣಗಿದಂತೆ ಬೋರ್ಡು ಏರುತ್ತದೆ. ಮುಳ್ಳಣ್ಣ ಮಧ್ಯಾಹ್ನವಿಡೀ ನೀರಿನ ಬಾಟಲಿ ಹಿಡಿದು ಹಿತ್ತಿಲಿಗೆ ಓಡುವುದು, ಬರುವುದು. ನೋಡಿದವರು ಪಾಪ, ಹೊಟ್ಟೆ ಕೆಟ್ಟಿದೆ ಎಂದುಕೊಂಡರು. ಒಬ್ಬರಂತೂ ಔಷಧಿಯ ಹೆಸರನ್ನೂ ಹೇಳಿ ಹೋದರು.

ನಾಲ್ಕು ಗಂಟೆಗೆ ನಿವೃತ್ತ ಮೇಷ್ಟ್ರು ನಿದ್ದೆ ಮುಗಿಸಿ ಬಂದು ಅಂಗಡಿಯ ಮುಂದಿನ ಬೆಂಚಿನಲ್ಲಿ ಕೂತರು. ಅವರಿಗೆ ಯಾವ ವಿಷಯವನ್ನೂ ಮೂರು ಭಾಗ ಮಾಡದೆ ಹೇಳಲು ಬಾರದು.

"ಒಂದು ಊರು ವಾಸಕ್ಕೆ ಯೋಗ್ಯವೋ ಅಲ್ಲವೋ ಅಂತ ಮೂರರಿಂದ ತಿಳಿಯಬೇಕು ಕಣಯ್ಯ. ಮೊದಲನೆಯದು ನೀರು, ಎರಡನೆಯದು ನೆರಳು, ಮೂರನೆಯದು ನೆರೆಹೊರೆ. ನಮ್ಮಲ್ಲಿ ಮೊದಲನೆಯದು ಬೆಳಗ್ಗೆ ಮಾತ್ರ ಇದೆ. ಎರಡನೆಯದನ್ನ ರಸ್ತೆ ಅಗಲ ಮಾಡೋವಾಗ ಕಡಿದ್ರು. ಮೂರನೆಯದು..." ಎನ್ನುತ್ತ ಹಣೆ ಒರೆಸಿಕೊಂಡು ಬೋರ್ಡಿನತ್ತ ಕತ್ತೆತ್ತಿದವರು, ಮಾತನ್ನು ಅಲ್ಲಿಗೇ ಬಿಟ್ಟರು. "ಮೂವತ್ತೊಂದಾ?"

"ಹೂಂ ಮೇಷ್ಟ್ರೇ."

"ಮೂವತ್ತೊಂದಕ್ಕೆ ನನಗ್ಯಾಕೆ ಹೀಗೆ ಬೆವರು ಕಿತ್ಕೊಂಡು ಬರ್ತಿದೆ?"

ಮುಳ್ಳಣ್ಣ ನೀರಿನ ಬಾಟಲಿಯನ್ನು ಮೇಜಿನ ಕೆಳಗೆ ತಳ್ಳಿದ. "ಬೋರ್ಡು ಸ್ವಲ್ಪ ಹಿಂದೆ ಮುಂದೆ ಇರಬಹುದು ಮೇಷ್ಟ್ರೇ."

"ನಿನ್ನ ಕೈಯಲ್ಲಿರೋದು ಯಾವತ್ತಾದ್ರೂ ಹಿಂದೆ ಮುಂದೆ ಆಗಿದೆಯಾ? ಹಿಂದೆ ಮುಂದೆ ಆಗಿರೋದು ನಾನೇ." ಮೇಷ್ಟ್ರು ಎದೆ ಹಿಡಿದುಕೊಂಡು ಬೆಂಚಿನ ಉದ್ದಕ್ಕೂ ಮಲಗಿಬಿಟ್ಟರು.

ಹತ್ತಿರದಲ್ಲಿದ್ದ ಡಾಕ್ಟರೆಂದರೆ ಹಲ್ಲಿನ ಡಾಕ್ಟರಮ್ಮ. ಆಕೆ ಓಡಿ ಬಂದವರೇ ಅಭ್ಯಾಸಬಲದಿಂದ "ಬಾಯಿ ತೆಗೀರಿ" ಎಂದರು. ಮೇಷ್ಟ್ರು ತೆಗೆದರು. ಹಲ್ಲುಗಳೆಲ್ಲ ಸರಿಯಾಗಿದ್ದವು. ಆಮೇಲೆ ನಾಡಿ ಹಿಡಿದರು, ಅದೂ ಸರಿಯಾಗಿತ್ತು.

"ನಾಡಿ ಚೆನ್ನಾಗಿದೆ. ಆದ್ರೆ ಇಷ್ಟು ತಂಪಲ್ಲಿ ಇಷ್ಟು ಬೆವರು ಅಂದ್ರೆ..." ಎಂದು ಬೋರ್ಡು ನೋಡುತ್ತಿದ್ದ ಡಾಕ್ಟರಮ್ಮನ ಗಲ್ಲದಿಂದ ಒಂದು ಹನಿ ಮೇಷ್ಟ್ರ ಅಂಗಿಯ ಮೇಲೆ ತೊಟ್ಟಿಕ್ಕಿತು. ಆಕೆ ಮೇಷ್ಟ್ರ ಕೈ ಬಿಟ್ಟು ಮೆಲ್ಲಗೆ ತಮ್ಮ ನಾಡಿ ಹಿಡಿದುಕೊಂಡರು. ಹಲ್ಲು ಕಿತ್ತವರ ಕೆನ್ನೆಗೆ ಒತ್ತಲು ಇಟ್ಟಿದ್ದ ಐಸನ್ನು ತಂದು, ಟವೆಲಿನಲ್ಲಿ ಸುತ್ತಿ, ಮೇಷ್ಟ್ರ ನೆತ್ತಿಯ ಮೇಲಿಟ್ಟರು.

ಇದೆಲ್ಲವನ್ನೂ ನೋಡುತ್ತ ಮುಳ್ಳಣ್ಣನಿಗೆ ದಿಕ್ಕೇ ತೋಚಲಿಲ್ಲ. ನಿಜ ಹೇಳಿದರೆ ಅಂಗಡಿ ಹೋಗುತ್ತದೆ, ಹೇಳದಿದ್ದರೆ ಮೇಷ್ಟ್ರು ಹೋಗುತ್ತಾರೆ. ಐದಕ್ಕೆ ಇನ್ನರ್ಧ ಗಂಟೆ. ಅಲ್ಲಿಯವರೆಗೆ ಮೇಷ್ಟ್ರು ತಡೆದುಕೊಂಡಾರು ಎಂದು ಮನಸ್ಸಿನಲ್ಲೇ ಚೌಕಾಸಿ ಮಾಡುತ್ತಿರುವಾಗ ಮನೆ ಬ್ರೋಕರು ಬಂದ. ಬೆನ್ನ ಹಿಂದೆ ಕೊಡೆ ಹಿಡಿದ ಗಂಡ ಹೆಂಡತಿ, ಬಾಡಿಗೆ ಮನೆ ಹುಡುಕುವವರು.

"ಬನ್ನಿ ಸರ್, ಬನ್ನಿ ಮೇಡಂ. ನನ್ನ ಮಾತು ನಂಬಬೇಡಿ, ಬೋರ್ಡು ನಂಬಿ. ಈ ಹೊತ್ತಿಗೆ ಮೂವತ್ತೊಂದು. ಬೇರೆ ಕಡೆ ಇದನ್ನ ಚಳಿಗಾಲ ಅಂತಾರೆ. ನಡ್ಕೊಂಡು ಹೋಗೋ ದೂರದಲ್ಲಿ ಎರಡು ಆಸ್ಪತ್ರೆ."

"ನಡ್ಕೊಂಡು ಹೋದ್ರೆ ಎರಡೂ ಬೇಕಾಗುತ್ತೆ," ಎಂದ ತನ್ನ ಬಾಗಿಲಲ್ಲಿ ನಿಂತಿದ್ದ ಕೂಲರಿನವನು.

ಆ ಹೆಂಗಸು ಒಂದು ಕಾಲು ಎತ್ತಿದಳು. "ಮೂವತ್ತೊಂದು ಅಂತೀರ, ಮತ್ತೆ ನನ್ನ ಚಪ್ಪಲಿ ಯಾಕೆ ರಸ್ತೆಗೆ ಅಂಟ್ತಾ ಇದೆ?"

"ಅದು ಈ ಮಣ್ಣಿನ ಪ್ರೀತಿ ಮೇಡಂ. ಬಂದವರನ್ನ ಬಿಡಲ್ಲ."

ಗಂಡ ತಲೆದೂಗಿದ. ಆಗಲೇ ಬೋರ್ಡು ಮೂವತ್ತಮೂರಾಯಿತು. ನೋಡುತ್ತಿದ್ದಂತೆ ಮೂವತ್ತೈದು. ಬ್ರೋಕರು ನಗುವನ್ನು ಮುಖದಲ್ಲೇ ಬಿಟ್ಟು, ಹಲ್ಲಿನ ಸಂದಿಯಿಂದ ಪಿಸುಗುಟ್ಟಿದ: "ಅಣ್ಣ, ನಿನ್ನ ಬೋರ್ಡು ಮರ ಹತ್ತುತಾ ಇದೆ."

ಮುಳ್ಳಣ್ಣ ಹಿತ್ತಿಲಿಗೆ ಹಾರಿದ. ಬಾಟಲಿ ಖಾಲಿ. ನಲ್ಲಿ ತಿರುಗಿಸಿದ; ಅದು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಅಂಗಡಿಯ ಮುಂದಕ್ಕೆ ಬಂದು ಇಣುಕಿದರೆ ಬೋರ್ಡಿನಲ್ಲಿ ಮೂವತ್ತೆಂಟು. ಅವನು ಮತ್ತೆ ಯೋಚಿಸಲಿಲ್ಲ. ಬೆಂಚಿನ ಬಳಿ ಓಡಿ ಬಂದು, "ಮೇಷ್ಟ್ರೇ, ಒಂದು ನಿಮಿಷ" ಎಂದು ಅವರ ನೆತ್ತಿಯ ಮೇಲಿದ್ದ ಐಸನ್ನು ಟವೆಲು ಸಮೇತ ಎತ್ತಿಕೊಂಡು ಹೋಗಿ ಬೋರ್ಡಿನ ಮೂಗಿಗೆ ಕಟ್ಟಿದ.

ಬೋರ್ಡು ಬಾವಿಗೆ ಬಿದ್ದ ಕೊಡದ ಹಾಗೆ ಇಳಿಯಿತು. ಇಪ್ಪತ್ತೊಂಬತ್ತು. ಇಪ್ಪತ್ತೆರಡು. ಹದಿನಾರು.

ರಸ್ತೆಯೇ ನಿಂತುಹೋಯಿತು. ಸೈಕಲ್ ಮೇಲಿದ್ದವನೊಬ್ಬ ಇಳಿದು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. ಇನ್ನೊಬ್ಬ ಕೈ ಕೈ ಉಜ್ಜಿಕೊಂಡ. ಕೈಗಳು ಬೆವರಿಗೆ ಜಾರಿದವು. ಬಾಡಿಗೆಗೆ ಬಂದ ಹೆಂಗಸು ಗಂಡನ ಕೈ ಎಳೆದಳು. "ನಡೀರಿ. ಇಷ್ಟು ಬೇಗ ಹತ್ತಿ ಇಳಿಯೋ ಊರಲ್ಲಿ ಮಕ್ಕಳಿಗೆ ಏನು ಬಟ್ಟೆ ಹಾಕೋದು ಅಂತಲೇ ಗೊತ್ತಾಗಲ್ಲ." ಅವರ ಹಿಂದೆ ಬ್ರೋಕರು, "ಎರಡೂ ಋತು ಒಂದೇ ಬಾಡಿಗೆಗೆ ಸರ್" ಎನ್ನುತ್ತ ಓಡಿದ.

ಮೇಷ್ಟ್ರು ಮಲಗಿದಲ್ಲಿಂದಲೇ ಹದಿನಾರನ್ನು ಓದಿದರು. ಅವರ ದನಿ ಶಾಂತವಾಗಿತ್ತು. "ಹದಿನಾರಕ್ಕೂ ಬೆವರ್ತಾ ಇದೀನಿ ಅಂದ್ರೆ ಮುಗೀತು. ನನ್ನ ವಾಚು ರಿಪೇರಿಗೆ ಕೊಟ್ಟಿದ್ದೆನಲ್ಲ ಮುಳ್ಳಣ್ಣ, ಅವಸರ ಮಾಡಬೇಡ. ಇನ್ನು ನನಗೆ ಟೈಮು ನೋಡೋ ಕೆಲಸ ಇಲ್ಲ."

ಅಷ್ಟರಲ್ಲಿ ಎದುರಿನ ಮೆಟ್ಟಿಲಿಂದ ಹೆಂಡತಿ ಇಳಿದು ಬಂದಳು. ಕೈಯಲ್ಲಿ ಸೂಟ್‌ಕೇಸು, ಮುಖ ಕೆಂಪು ಟೊಮೆಟೊ.

"ಎಲ್ಲಿಗೆ?" ಎಂದ ಮುಳ್ಳಣ್ಣ. "ಬೋರ್ಡು ನಲವತ್ತು ದಾಟಿಲ್ಲ. ನೋಡು, ಹದಿನಾರು."

"ಅದಕ್ಕೇ ಹೊರಟಿದ್ದು. ಹದಿನಾರಕ್ಕೇ ನಾನು ಹೀಗೆ ಬೇಯ್ತಾ ಇದ್ರೆ ನಲವತ್ತಾದಾಗ ಉಳೀತೀನೇನ್ರೀ? ನಲವತ್ತರವರೆಗೂ ಕಾಯೋಕೆ ನನಗೇನು ಹುಚ್ಚಾ?"

ಮುಳ್ಳಣ್ಣ ಹೆಂಡತಿಯನ್ನು ನೋಡಿದ, ಮೇಷ್ಟ್ರನ್ನು ನೋಡಿದ. ಅಳಿದುಳಿದ ಬುದ್ಧಿಯೂ ಬೆವರಿನ ಜೊತೆ ಇಳಿದು ಹೋಯಿತು.

"ಅಯ್ಯೋ, ಅದು ಹದಿನಾರಲ್ಲ ಕಣೇ. ಮೇಷ್ಟ್ರೇ, ಏಳಿ ಮೇಲೆ, ನಿಮಗೆ ಏನೂ ಆಗಿಲ್ಲ. ಬೆಂಕಿ ಹಾಗೆ ಸೆಕೆ ಇದೆ, ಎಲ್ಲರೂ ಸರಿಯಾಗೇ ಬೆವರ್ತಾ ಇದೀರಿ. ಬೋರ್ಡಿನ ಮೂಗಿಗೆ ನಾನೇ ಐಸು ಕಟ್ಟಿದೀನಿ. ಬೇಕಾದ್ರೆ ನೋಡಿ."

ಹಿತ್ತಿಲಿಗೆ ಹೋಗಿ ಟವೆಲು ಬಿಚ್ಚಿ, ಕಡ್ಡಿಯನ್ನು ಒರೆಸಿ ಬಂದು, ನೆರೆದವರ ಜೊತೆ ತಾನೂ ಕತ್ತೆತ್ತಿ ನಿಂತ. ಇಪ್ಪತ್ತನಾಲ್ಕು. ಮೂವತ್ತು. ಮೇಷ್ಟ್ರು ಎದ್ದು ಕೂತರು. ಮೂವತ್ತೇಳು. ಮೇಷ್ಟ್ರು ಎದ್ದು ನಿಂತರು. ನಲವತ್ತಕ್ಕೆ ಅವರಿಗೆ ಪೂರ್ತಿ ಗುಣವಾಯಿತು. ಬೋರ್ಡು ಅಲ್ಲೊಂದು ಗಳಿಗೆ ಯೋಚಿಸಿ, ನಲವತ್ತೊಂದಾಯಿತು. ಒಂದು ಸಾಲದೆಂಬಂತೆ ನಲವತ್ತೆರಡೂ ಆಯಿತು.

"ನಾನು ಹೇಳಿದೆ ತಾನೇ?" ಎಂದ ಮುಳ್ಳಣ್ಣ, ಗೆದ್ದವನ ಹಾಗೆ ಹೆಂಡತಿಯ ಕಡೆ ತಿರುಗಿ. "ಹದಿನಾರಲ್ಲ, ನಲವತ್ತೆರಡು."

ಹೇಳಿ ಮುಗಿಸಿದ ಮೇಲೆ ಅವನ ಬಾಯಿ ಹಾಗೇ ತೆರೆದುಕೊಂಡಿತು. ಡಾಕ್ಟರಮ್ಮ ಅಭ್ಯಾಸಬಲದಿಂದ ಒಳಗೆ ಇಣುಕಿದರು. ಅಂಗಡಿಯ ಗೋಡೆಯ ತುಂಬ ಇದ್ದ ಗಡಿಯಾರಗಳಲ್ಲಿ, ಅವನ ಕೈಯಲ್ಲಿ ಎಂದೂ ತಪ್ಪದ ಗಡಿಯಾರಗಳಲ್ಲಿ, ಐದಕ್ಕೆ ಇನ್ನೂ ನಾಲ್ಕು ನಿಮಿಷವಿತ್ತು.

ಹೆಂಡತಿ ಬೋರ್ಡು ನೋಡಿದಳು. ಗಡಿಯಾರಗಳನ್ನು ನೋಡಿದಳು. ಮಧ್ಯಾಹ್ನವೆಲ್ಲ ಹಿತ್ತಿಲಿಗೆ ಓಡಾಡಿದ ಗಂಡನನ್ನು ನೋಡಿದಳು. ಮೊದಲು ಅವಳ ಭುಜ ಕುಲುಕಿತು, ಆಮೇಲೆ ಸೂಟ್‌ಕೇಸು. ಕೂಲರಿನವನು ನಕ್ಕ, ಡಾಕ್ಟರಮ್ಮ ನಕ್ಕರು, ಮೇಷ್ಟ್ರು ಮೂರು ಕಂತಿನಲ್ಲಿ ನಕ್ಕರು. ಎಲ್ಲರ ನಗುವಿನ ಮೇಲೆ ಅವಳದೇ ನಗು, ಬೆಂಚಿನ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ಮೂಗಲ್ಲಿ ನೀರು ಬರುವವರೆಗೆ.

"ರೀ," ಎಂದಳು ಕೊನೆಗೆ, ಉಸಿರು ತೆಗೆದುಕೊಳ್ಳಲು ಆಗದೆ, "ಆ ಐಸು ಇನ್ನೂ ಕರಗಿಲ್ಲ ಅಂದ್ರೆ ಇಲ್ಲಿ ಕೊಡಿ. ನಕ್ಕು ನಕ್ಕು ಸೆಕೆ ಆಗ್ತಿದೆ."