ಅಕ್ಕನ ಹೆರಿಗೆಗೆ ಬಂದ ಕರೆಂಟು ಪೆಟ್ಟಿಗೆ

ಒಂದು ಒಗಟು ಹೇಳ್ತೀನಿ, ಬಿಡಿಸಿ ನೋಡೋಣ. ಅಂಗೈಯಷ್ಟಗಲದ ಮೈ, ಎರಡು ಕಿವಿ, ನಾಲ್ಕು ಪಾದ. ಕಿವಿ ಹಿಂಡಿದರೆ ಪಾದ ಜುಮ್ಮೆನ್ನುತ್ತೆ. ಪಾದ ಇದ್ದರೂ ನಡೆಯೋದಿಲ್ಲ, ಇನ್ನೊಬ್ಬರ ಬೆನ್ನ ಮೇಲೆ ಕೂತು ಬೆಟ್ಟ ಹತ್ತುತ್ತೆ. ಏನದು?

ತಲೆ ಕೆರೆದುಕೊಳ್ಳಬೇಡಿ, ನಿಮಗೆ ಗೊತ್ತಾಗಲ್ಲ. ಕಣ್ಣೆದುರಿಗೇ ಇಟ್ಟುಕೊಂಡು ನಮ್ಮ ಮನೆಯವರಿಗೇ ಗೊತ್ತಾಗಲಿಲ್ಲ. ಅದರ ಹೆಸರು ಟೆನ್ಸ್ ಮಷೀನು. ಮೈಗೆ ಸಣ್ಣಗೆ ಕರೆಂಟು ಹಾಯಿಸಿ ನೋವು ಮರೆಸುವ ಪೆಟ್ಟಿಗೆ. ಕಿವಿ ಅಂದರೆ ಗುಂಡಿ, ಪಾದ ಅಂದರೆ ಮೈಗೆ ಅಂಟಿಸುವ ಪ್ಯಾಡು.

ದಟ್ಟಗಳ್ಳಿಯ ನಮ್ಮ ಮನೆಗೆ ಬಂದ ಯಾವ ವಸ್ತುವೂ ತಾನು ಬಂದ ಕೆಲಸವನ್ನು ನೆಟ್ಟಗೆ ಮಾಡಿದ್ದಿಲ್ಲ. ಫ್ರಿಜ್ಜು ಬಂದ ಹೊಸದರಲ್ಲಿ ಅಪ್ಪ ಅದರೊಳಗೆ ಮನೆಪತ್ರ ಇಟ್ಟಿದ್ದರು. ಯಾಕೆ ಅಂದರೆ ಅದಕ್ಕೆ ಬೀಗ ಇತ್ತು. ಇಂಥಾ ಮನೆಗೆ ಹೆರಿಗೆ ನೋವಿಗೆಂದು ಮಷೀನು ಬಂದರೆ ಅದು ಹೆರಿಗೆವರೆಗೆ ಸುಮ್ಮನೆ ಕೂತಿರುತ್ತೆ ಅಂತ ಅಕ್ಕ ನಂಬಿದ್ದೇ ತಪ್ಪು.

ಬೈಗುಳದ ಭಯ

ಅಕ್ಕ ಮದುವೆಗೆ ಮುಂಚೆಯಿಂದಲೂ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಕೆಲಸಕ್ಕಿದ್ದಳು. ಮಂಡಿ ಹಿಡಿದವರಿಗೆ, ಸೊಂಟ ಉಳುಕಿದವರಿಗೆ ಪ್ಯಾಡು ಅಂಟಿಸಿ ಗುಂಡಿ ತಿರುವೋದು ಅವಳ ಕೆಲಸ. ಏಳು ತಿಂಗಳು ತುಂಬಿ ಬಾಣಂತನಕ್ಕೆ ನಮ್ಮ ಮನೆಗೆ ಹೊರಟಾಗ ಅಲ್ಲಿನ ಡಾಕ್ಟರಮ್ಮ ಒಂದು ಮಷೀನು ಕೈಗಿಟ್ಟು, ಹೊರದೇಶದಲ್ಲಿ ಹೆರಿಗೆಗೂ ಇದನ್ನು ಹಾಕ್ತಾರೆ, ನೋವು ಶುರುವಾದ ಕೂಡಲೇ ಬೆನ್ನಿಗೆ ಅಂಟಿಸಿಕೋ ಅಂದರಂತೆ. ಹೆರಿಗೆ ಮಾಡಿಸುವ ಡಾಕ್ಟರೂ ಆಗಲಿ ಅಂದಿದ್ದರು.

ಅಕ್ಕನಿಗೆ ನೋವಿನ ಭಯಕ್ಕಿಂತ ಬೈಗುಳದ ಭಯ ಜಾಸ್ತಿ. ಎದುರುಮನೆ ಆಂಟಿಯ ಹೆರಿಗೆಗೆ ಜೊತೆಯಲ್ಲಿ ಹೋಗಿದ್ದಳು. ಅಲ್ಲಿ ಒಬ್ಬರು ದಪ್ಪ ಕನ್ನಡಕದ ಹಿರಿಯ ನರ್ಸು, ನೋವಿಗೆ ಕೂಗಿದವರನ್ನೆಲ್ಲ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದರಂತೆ. ಏನಂತ ಬೈದರು ಅಂತ ಕೇಳಿದೆ. ಅಕ್ಕ ಹೇಳಲಿಲ್ಲ, ಕಿವಿ ಮಾತ್ರ ಕೆಂಪಾಯಿತು. ಈಗ ಅದೇ ನರ್ಸಿಂಗ್ ಹೋಮಿನಲ್ಲಿ ಅಕ್ಕನ ಹೆಸರೂ ಬರೆಸಿತ್ತು.

"ನಾನು ಕೂಗಲ್ಲ ಕಣೋ. ಒಂದೇ ಒಂದು ಸಲಾನೂ ಕೂಗಲ್ಲ. ಅವರ ಬಾಯಿಗೆ ನಾನು ಸಿಗಲ್ಲ" ಅಂತ ಮಷೀನನ್ನು ಎದೆಗೆ ಒತ್ತಿಕೊಂಡಳು.

ಯಾರು ಹೇಳ್ತಿರೋದು ನೋಡಿ. ನಾಲ್ಕನೇ ಕ್ಲಾಸಿನಲ್ಲಿ ಇವಳಿಗೆ ಇಂಜೆಕ್ಷನ್ ಕೊಟ್ಟಾಗ ಹೊರಟ ಕೂಗಿಗೆ, ಪಕ್ಕದ ಸ್ಕೂಲಿನವರು ಬೆಲ್ಲು ಹೊಡೀತು ಅಂದುಕೊಂಡು ಮಕ್ಕಳನ್ನು ಊಟಕ್ಕೆ ಬಿಟ್ಟಿದ್ದರು.

ಭಾವನ ಧೈರ್ಯ

ಭಾವ ಮೇಟಗಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಕಬ್ಬಿಣ ಕಡೆಯುವ ಲೇತ್ ಮೇಲೆ ಕೆಲಸ ಮಾಡ್ತಾರೆ. ಪ್ರತಿ ಭಾನುವಾರ ಸೀಬೆಹಣ್ಣು ಹಿಡಿದುಕೊಂಡು ಬರೋರು, ಬಂದ ತಕ್ಷಣ ಬೆರಳಿನ ಗಾಯದ ಗುರುತು ತೋರಿಸೋರು. ಲೇತಿಗೆ ಕೈ ಸಿಕ್ಕಿ ಮೂರು ಹೊಲಿಗೆ ಹಾಕಿದಾಗ ತಾನು ಉಸಿರೂ ಬಿಡಲಿಲ್ಲ, ನೋವು ಅನ್ನೋದೆಲ್ಲ ಮನಸ್ಸಿನಲ್ಲಿರೋದು ಅಂತ ಅಕ್ಕನಿಗೆ ಬುದ್ಧಿ ಹೇಳೋರು. ಮೂರು ಭಾನುವಾರ ಕೇಳಿಸಿಕೊಂಡೆ. ನಾಲ್ಕನೇ ಭಾನುವಾರ, ಹಾಗಾದರೆ ಈ ಮಷೀನು ಒಂದು ಸಲ ನೋಡಿ ಭಾವ, ನಿಮಗೇನೂ ಅನ್ನಿಸಲ್ಲ ಬುಡಿ ಅಂದೆ.

ಮೊಣಕೈ ಕೆಳಗೆ ಎರಡು ಪ್ಯಾಡು ಅಂಟಿಸಿದೆ. ಅದೇ ಕೈಯಲ್ಲಿ ಬಿಸಿ ಕಾಫಿ ಲೋಟ. ಗುಂಡಿ ಎರಡಕ್ಕೆ ತಿರುವಿದೆ, ಭಾವ ನಕ್ಕರು. ಮೂರಕ್ಕೆ ತಿರುವಿದೆ, ಇರುವೆ ಹರಿದ ಹಾಗಿದೆ ಅಷ್ಟೇ ಅಂದರು. ಆರಕ್ಕೆ ತಿರುವಿದೆ. ಬೆರಳು ಐದೂ ತಮ್ಮಷ್ಟಕ್ಕೆ ತಾವೇ ನೆಟ್ಟಗೆ ನಿಂತುಬಿಟ್ಟವು. ಲೋಟ ಸೀದಾ ಮಡಿಲಿಗೆ.

ಭಾವ ಕೂತಲ್ಲಿಂದ ಎದ್ದ ರೀತಿ ನಾನು ಬರೆಯಲಾರೆ. ಒದ್ದೆ ಪಂಚೆ ಎತ್ತಿ ಹಿಡಿದುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ಅಕ್ಕನ ಮುಂದೆ ನಿಂತು, ನನಗೆ ಗೊತ್ತಿರಲಿಲ್ಲ ಕಣೇ, ಹೆರಿಗೆ ನೋವು ಅಂದರೆ ಇಷ್ಟು ಭಯಂಕರವಾ ಅಂದರು.

ಅಕ್ಕ ಟವಲು ಕೊಟ್ಟು ಹೇಳಿದಳು: "ಅದು ಹೆರಿಗೆ ನೋವಲ್ಲ ಕಣ್ರೀ. ಅದು ನೋವು ಕಮ್ಮಿ ಮಾಡೋದು."

ಅಜ್ಜಿಯ ಸೊಂಟ

ಮಷೀನು ಕಂಡರೆ ಅಜ್ಜಿಗೆ ಆಗುತ್ತಿರಲಿಲ್ಲ. ಬಸುರಿ ಹೆಂಗಸಿಗೆ ಕರೆಂಟು ಕೊಟ್ಟಾರಾ, ನಾನು ಏಳು ಹೆತ್ತೆ, ಆಗ ನಮ್ಮೂರಿಗೆ ಕರೆಂಟಿನ ಕಂಬವೇ ಬಂದಿರಲಿಲ್ಲ ಅಂತ ಮನೆಗೆ ಬಂದವರ ಹತ್ತಿರವೆಲ್ಲ ಹೇಳೋದು. ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ನನ್ನನ್ನು ಕೈಸನ್ನೆ ಮಾಡಿ ದೇವರಮನೆಗೆ ಕರೆಯಿತು. ಬಾಗಿಲು ಮುಂದಕ್ಕೆ ತಳ್ಳಿ, ನನ್ನ ಸೊಂಟ ನಾಲ್ಕು ವರ್ಷದಿಂದ ಬಗ್ಗಲ್ಲ, ಅದೊಂಚೂರು ಅಂಟಿಸಿ ನೋಡು ಅಂದಿತು.

ಅಂಟಿಸಿದೆ. ಗುಂಡಿ ತಿರುವಿದೆ. ಅಜ್ಜಿ ಒಂದು ನಿಮಿಷ ಕಣ್ಣು ಮುಚ್ಚಿ ಕೂತು, "ಏನೋ ಇದು, ಯಾರೋ ಒಳಗೆ ಕೂತ್ಕಂಡು ರಾಗಿ ಬೀಸ್ದಂಗದೆ. ಇನ್ನೊಂಚೂರು ಬೀಸು ಅನ್ನು" ಅಂದಿತು.

ಅವತ್ತಿನಿಂದ ದಿನಾ ಮಧ್ಯಾಹ್ನ ಅರ್ಧ ಗಂಟೆ ರಾಗಿ ಬೀಸೋದೇ. ಅಕ್ಕನಿಗೆ ಹೇಳಬಾರದು ಅಂತ ಗಣಪತಿ ಮುಂದೆ ನನ್ನಿಂದ ಆಣೆ ಮಾಡಿಸಿಕೊಂಡಿತು. ನಾನು ಹೇಳಲಿಲ್ಲ. ಒಂದು ದಿನ ಅಕ್ಕನೇ ಡಬ್ಬ ತೆಗೆದು ನೋಡಿದರೆ ಮಷೀನಿನ ಮೇಲೆ ಮೂರು ಬೆರಳಿನ ವಿಭೂತಿ, ಮಧ್ಯದಲ್ಲಿ ಒಂದು ಹೂವಿನ ಎಸಳು. ಇದನ್ನು ಯಾರು ಮುಟ್ಟಿದ್ದು ಅಂತ ಕೇಳಿದಳು. ಅಜ್ಜಿ ಒಂಚೂರೂ ಅಳುಕದೆ, "ನಾನು ಮಿಕ್ಸಿಗೆ ಹಚ್ಚಲ್ವಾ? ಅಂಗೇ ಇದುಕ್ಕೂ ಹಚ್ಚಿದೆ. ಕೆಲ್ಸ ಮಾಡೋ ಸಾಮಾನು ಕಣಮ್ಮ" ಅಂದಿತು. ಅದು ಯಾವ ಕೆಲಸ ಮಾಡ್ತಿತ್ತು ಅಂತ ಅಕ್ಕ ಕೇಳಲಿಲ್ಲ, ಪುಣ್ಯ.

ಖಾಲಿ ಡಬ್ಬ

ಅಜ್ಜಿ ಚಾಮುಂಡಿಗೆ ಒಂದು ಹರಕೆ ಹೊತ್ತಿತ್ತು. ಮೊಮ್ಮಗಳಿಗೆ ಸುಖವಾಗಿ ಹೆರಿಗೆಯಾಗಲಿ, ಹೆರಿಗೆಗೆ ಮುಂಚೆಯೇ ಬೆಟ್ಟದ ಸಾವಿರ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ತೀನಿ ಅಂತ. ಒಂದೊಂದು ಮೆಟ್ಟಿಲಿಗೂ ಬಗ್ಗಬೇಕು. ಬಗ್ಗದ ಸೊಂಟ ಇಟ್ಟುಕೊಂಡು ಇಂಥಾ ಹರಕೆ ಹೊರೋದು ನಮ್ಮ ಅಜ್ಜಿಯೊಂದೇ.

ಡಾಕ್ಟರು ಕೊಟ್ಟ ದಿನಕ್ಕೆ ಇನ್ನೂ ಹತ್ತು ದಿನ ಇತ್ತು. ಒಂದು ಮಂಗಳವಾರ ಬೆಳಿಗ್ಗೆ ಐದಕ್ಕೇ ಅಜ್ಜಿಯ ಸೊಂಟಕ್ಕೆ ನಾಲ್ಕೂ ಪ್ಯಾಡು ಅಂಟಿಸಿ, ಮಷೀನನ್ನು ಸೀರೆಯ ನಡುವಿಗೆ ಸಿಕ್ಕಿಸಿ, ಗುಂಡಿ ತಿರುವೋದು ಹೇಳಿಕೊಟ್ಟು, ಎದುರುಮನೆ ಆಂಟಿಯ ಅತ್ತೆಯ ಜೊತೆ ಬೆಟ್ಟದ ಪಾದಕ್ಕೆ ಹೋಗುವ ಬಸ್ಸು ಹತ್ತಿಸಿ ಬಂದು ಮಲಗಿಬಿಟ್ಟೆ. ಮಧ್ಯಾಹ್ನದೊಳಗೆ ವಾಪಸ್ಸು ಬಂದೇ ಬರುತ್ತಲ್ಲ, ಅಕ್ಕನಿಗೆ ಹೇಗೆ ಗೊತ್ತಾಗುತ್ತೆ?

ಎಂಟೂವರೆಗೆ ಅಕ್ಕ ಉಪ್ಪಿಟ್ಟು ತಿನ್ನುತ್ತಿದ್ದವಳು ಮೇಜು ಹಿಡಿದುಕೊಂಡಳು. ಐದು ನಿಮಿಷ ಬಿಟ್ಟು ಇನ್ನೊಮ್ಮೆ ಹಿಡಿದುಕೊಂಡಳು. ಅಮ್ಮ ಅವಳನ್ನು ಒಳಗೆ ಕರೆದುಕೊಂಡು ಹೋದರು, ಅಪ್ಪ ಆಟೋ ತರಲು ಓಡಿದರು. ಅಕ್ಕ ಒಳಗಿನಿಂದಲೇ ಮಷೀನು ತಾರೋ ಅಂದಳು. ನಾನು ಅಲ್ಲಾಡಲಿಲ್ಲ. ಅವಳೇ ಬಂದು ಡಬ್ಬ ತೆಗೆದಳು. ಖಾಲಿ.

"ಎಲ್ಲೋ?"

"ಬೆಟ್ಟದಲ್ಲಿದೆ."

"ಬೆಟ್ಟದಲ್ಲಿ ಎಲ್ಲಿ?"

"ಅಜ್ಜಿ ಸೊಂಟದಲ್ಲಿ."

ಅಕ್ಕನಿಗೆ ಇನ್ನೊಂದು ನೋವು ಬಂತು. ಅದು ಮುಗಿಯೋವರೆಗೆ ನನ್ನ ಕೂದಲು ಹಿಡಿದುಕೊಂಡು ನಿಂತು, ಆಮೇಲೆ ನಿಧಾನವಾಗಿ, ಅಜ್ಜಿ ಅಲ್ಲಿ ಅದನ್ನಿಟ್ಟುಕೊಂಡು ಏನು ಮಾಡ್ತಿದೆ ಅಂತ ಕೇಳಿದಳು.

"ನಿಂಗೆ ನೋವು ಬರ್ದಿರ್ಲಿ ಅಂತ ಹರಕೆ ತೀರಿಸ್ತಿದೆ" ಅಂದೆ.

ಕುಂಕುಮ ಹಿಡಿದು ಹೊರಟೆ

ಎದುರುಮನೆ ಆಂಟಿಯ ಮೊಪೆಡ್ಡು ಕೇಳಿಕೊಂಡು ಹೊರಟೆ. ಲೈಸೆನ್ಸ್ ಇರಲಿಲ್ಲ, ಬ್ರೇಕೂ ಇರಲಿಲ್ಲ, ಹಾಗಾಗಿ ಬೇಗ ಹೋದೆ. ರಸ್ತೆಯಲ್ಲಿ ಬೆಟ್ಟದ ನಡುವಿನ ದೊಡ್ಡ ನಂದಿವರೆಗೂ ಹತ್ತಿ ಗಾಡಿ ನಿಲ್ಲಿಸಿ ಮೆಟ್ಟಿಲು ನೋಡಿದರೆ ಒಂದರ ಮೇಲೂ ಹೊಸ ಕುಂಕುಮ ಇಲ್ಲ. ಅಂದರೆ ಅಜ್ಜಿ ಇನ್ನೂ ಕೆಳಗಿದೆ. ಎರಡೆರಡು ಮೆಟ್ಟಿಲು ಹಾರಿಕೊಂಡು ಇಳಿದೆ. ನೂರು ಮೆಟ್ಟಿಲು ಇಳಿಯೋ ಹೊತ್ತಿಗೆ ಒಂದು ಸಣ್ಣ ಗುಂಪು ಕಾಣಿಸಿತು. ನಡುವೆ ಅಜ್ಜಿ, ಕೈಯೆಲ್ಲ ಅರಿಶಿನ, ಸೊಂಟದಿಂದ ಇಳಿದ ನಾಲ್ಕು ವೈರು ಗಾಳಿಗೆ ತೂಗುತ್ತಿವೆ. ಇದು ಯಾವುದೋ ಬಹಳ ಕಠಿಣವಾದ ವ್ರತ ಅಂದುಕೊಂಡು ಆಗಲೇ ಇಬ್ಬರು ಅಜ್ಜಿಯ ಕಾಲಿಗೆ ಬಿದ್ದಿದ್ದರಂತೆ. ಅಜ್ಜಿ ಆಶೀರ್ವಾದವನ್ನೂ ಮಾಡಿತ್ತಂತೆ.

ಅಕ್ಕನಿಗೆ ನೋವು ಶುರುವಾಗಿದೆ, ಮಷೀನು ಕೊಡು ಅಂದೆ. ಅಜ್ಜಿ ತಕ್ಷಣ ಬೆನ್ನು ತಿರುಗಿಸಿತು. ಜೊತೆಗಿದ್ದ ಹೆಂಗಸರು ಸೆರಗು ಹಿಡಿದು ಮರೆ ಮಾಡಿದರು. ಪ್ಯಾಡು ಕಿತ್ತೆ. ಇನ್ನು ಅಜ್ಜಿಯನ್ನೂ ಗಾಡಿಯಲ್ಲೇ ಕರೆದುಕೊಂಡು ಹೋಗೋಣ ಅಂತ ಕೈ ಹಿಡಿದು ಎತ್ತಿದೆ. ಅಜ್ಜಿ ಅರ್ಧ ಎದ್ದು ಹಾಗೇ ನಿಂತುಬಿಟ್ಟಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಕರೆಂಟು ಹೋದ ಕೂಡಲೇ ಸೊಂಟ ಹಿಡಿದುಕೊಂಡಿತ್ತು.

ಅಜ್ಜಿ ಹಾಗೇ ಬಗ್ಗಿಕೊಂಡು ಕುಂಕುಮದ ಬಟ್ಟಲಿಗೆ ಕೈ ಹಾಕಿತು. "ಎಂಗಿದ್ರೂ ಬಗ್ಗೇ ಇವ್ನಿ. ಸುಮ್ಕೆ ಯಾಕಿರ್ಲಿ, ಮಿಕ್ಕಿದ್ನೂ ಹಚ್ಕಂಡೇ ಹೋಯ್ತೀನಿ. ನೀನು ಓಡು."

ಹರಳೆಣ್ಣೆ

ನರ್ಸಿಂಗ್ ಹೋಮ್ ತಲುಪಿದಾಗ ಹನ್ನೊಂದು ಗಂಟೆ. ಭಾವ ಫ್ಯಾಕ್ಟರಿ ಬಟ್ಟೆಯಲ್ಲೇ ಬಂದು ಬೆಂಚಿನ ಮೇಲೆ ಕೂತಿದ್ದರು. ಗಂಡಸರನ್ನು ಒಳಗೆ ಬಿಡಲ್ಲ. ಬಾಗಿಲ ಸಂದಿಯಿಂದ ಮಷೀನನ್ನು ಅಮ್ಮನಿಗೆ ಕೊಟ್ಟೆ. ಎರಡು ನಿಮಿಷಕ್ಕೆ ಅಮ್ಮ ವಾಪಸ್ಸು ಬಂದು, ಇದು ಅಂಟ್ತಾನೇ ಇಲ್ಲವಲ್ಲೋ ಅಂದರು.

ಹೇಗೆ ಅಂಟುತ್ತೆ? ಹೊರಡೋ ಮುಂಚೆ ಅಮ್ಮ ಪದ್ಧತಿ ಪ್ರಕಾರ ಬಿಸಿ ಹರಳೆಣ್ಣೆಯನ್ನು ಅಕ್ಕನ ಬೆನ್ನಿಗೆ ಎರಡು ಸಲ ತಿಕ್ಕಿದ್ದರು. ಇತ್ತ ಪ್ಯಾಡಿನ ತುಂಬ ಅಜ್ಜಿಯ ಅರಿಶಿನ. ಎಣ್ಣೆ ಹಚ್ಚಿದ ಕಾವಲಿ ಮೇಲೆ ದೋಸೆ ಜಾರಿದ ಹಾಗೆ ಪ್ಯಾಡು ಜಾರುತ್ತಿತ್ತು. ಒಳಗಿನಿಂದ ಅಕ್ಕ, ಚೀಲದಲ್ಲಿ ಹೊಸ ಪ್ಯಾಡಿದೆ, ಸ್ಪಿರಿಟ್ಟು ಹತ್ತಿ ತಂದು ಮೊದಲು ಬೆನ್ನು ಒರೆಸಿ ಅಂತ ಹೇಳ್ತಿದ್ದಳು. ಅಷ್ಟರಲ್ಲಿ ದಪ್ಪ ಕನ್ನಡಕದ ನರ್ಸು ಬಂದರು. ಬಾಗಿಲು ಅರ್ಧ ತೆರೆದೇ ಇತ್ತು, ನಾನು ಕಣ್ಣು ಮುಚ್ಚಿಕೊಂಡು ಕಿವಿ ಬಿಟ್ಟುಕೊಂಡು ನಿಂತೆ.

"ಯಾರಮ್ಮ ಇಲ್ಲಿ ಆರ್ಡರ್ ಕೊಡ್ತಿರೋದು? ಹೆರೋಕೆ ಬಂದಿದ್ದೀಯೋ, ನಮಗೆ ಪಾಠ ಹೇಳೋಕೋ?"

ಅಕ್ಕ ಹೆದರಿಬಿಟ್ಟಳು ಅಂದುಕೊಂಡೆ. ಅವಳು ಒಂದು ನೋವು ನುಂಗಿಕೊಂಡು, "ಸಿಸ್ಟರ್, ನಿಮಗೆ ಎಡಗಡೆ ಸೊಂಟ ಹಿಡ್ಕೊಂಡಿದೆ ಅಲ್ವಾ? ನೀವು ನಡೆದು ಬಂದಿದ್ದರಲ್ಲೇ ಗೊತ್ತಾಯ್ತು. ಎಷ್ಟು ದಿನ ಆಯ್ತು?" ಅಂದಳು.

ಆಮೇಲೆ ನರ್ಸೇ ಸ್ಪಿರಿಟ್ಟು ತರಿಸಿ, ಬೆನ್ನು ಒರೆಸುತ್ತಾ, ಎರಡು ವರ್ಷ ಆಯ್ತು ಕಣಮ್ಮ ಅಂದರು.

ಕೂಗು

ಪ್ಯಾಡು ಅಂಟಿತು. ಅಕ್ಕ ಗುಂಡಿಯನ್ನು ಕೈಯಲ್ಲೇ ಹಿಡಿದುಕೊಂಡಳು. ನೋವು ಏರಿದಾಗ ಏರಿಸೋದು, ಇಳಿದಾಗ ಇಳಿಸೋದು. ಮಧ್ಯಾಹ್ನ ಕಳೆಯಿತು, ಒಳಗಿನಿಂದ ಒಂದು ಸದ್ದಿಲ್ಲ. ಪಕ್ಕದ ಮಂಚದವರ ಮನೆಯವರು ನಿಮ್ಮ ಪೇಷೆಂಟು ಮನೆಗೆ ಹೋದರಾ ಅಂತ ವಿಚಾರಿಸಿದರು. ನಾಲ್ಕು ಗಂಟೆಗೆ ಮೊದಲನೇ ಸಲ ಕೂಗು ಕೇಳಿಸಿತು, ಅದು ಮಗುವಿನದು. ನರ್ಸು ಹೊರಗೆ ಬಂದು, ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ, ನನ್ನ ಸರ್ವೀಸಿನಲ್ಲಿ ಇಷ್ಟು ಸುಮ್ಮನೆ ಹೆತ್ತೋಳನ್ನ ನೋಡಿಲ್ಲ ಅಂದರು.

ಸಂಜೆ ನಮ್ಮನ್ನು ಒಳಗೆ ಬಿಟ್ಟರು. ಮಗು ತೊಟ್ಟಿಲಲ್ಲಿತ್ತು. ಖಾಲಿ ಮಂಚದ ಮೇಲೆ ದಪ್ಪ ಕನ್ನಡಕದ ನರ್ಸು ಬೋರಲು ಮಲಗಿದ್ದರು, ಸೊಂಟಕ್ಕೆ ನಾಲ್ಕು ಪ್ಯಾಡು. ಅಕ್ಕ ದಿಂಬಿಗೆ ಒರಗಿಕೊಂಡು ಗುಂಡಿ ತಿರುವುತ್ತಿದ್ದಳು. ನರ್ಸು ಅಯ್ಯಯ್ಯೋ ಅಂದರೆ, ಅಕ್ಕ ಗದರಿಸಿ, "ಶ್, ಕೂಗ್ಬೇಡಿ. ಅಕ್ಕಪಕ್ಕದೋರು ಮಲಗಿದ್ದಾರೆ" ಅನ್ನುತ್ತಿದ್ದಳು.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಈ ಕೊನೆ ನಾನು ಕಟ್ಟಿದ್ದು. ಮೂರು ಗಂಟೆವರೆಗೆ ಅಕ್ಕ ತುಟಿ ಬಿಗಿದುಕೊಂಡಿದ್ದಳು, ಅಷ್ಟು ನಿಜ. ಆಮೇಲೆ ಕೂಗಿದಳು. ಗೇಟಿನಾಚೆ ಎಳನೀರು ಕೊಚ್ಚುತ್ತಿದ್ದವನು ಮಚ್ಚು ಕೆಳಗಿಟ್ಟು ನೋಡಿದ. ಭಾವ ನನ್ನ ಕೈ ಅದುಮಿ ಹಿಡಿದುಕೊಂಡು ಕಣ್ಣು ಮುಚ್ಚಿ ಕೂತಿದ್ದರು. ಈಗ ಬೈತಾರೆ, ಈಗ ಬೈತಾರೆ ಅಂತ ನಾನು ಕಾಯುತ್ತಿದ್ದೆ. ಬೈಗುಳ ಬರಲಿಲ್ಲ. "ಕೂಗಮ್ಮ. ಇನ್ನೂ ಜೋರಾಗಿ ಕೂಗು. ನಾನಿದ್ದೀನಿ" ಅಂತ ನರ್ಸಿನ ದನಿ ಹೊರಗೆ ಬೆಂಚಿನವರೆಗೂ ಕೇಳಿಸಿತು.

ಇದನ್ನೆಲ್ಲ ಬರೀಬೇಡ, ನಾನು ಕೂಗಲೇ ಇಲ್ಲ ಅಂತ ಬರಿ ಅಂದಿದ್ದಳು ಅಕ್ಕ. ಬರೆದಿದ್ದೀನಲ್ಲ, ಮೇಲೆ ನೋಡಿ.