ಕಪ್ಪೆಯವನಿಗೆ ಹೆಣ್ಣು

ಕಪ್ಪೆಯ ಹಿಂದೆ ಬಿದ್ದವನನ್ನು ಪೇಚಾಟ ತಾನಾಗಿಯೇ ಹುಡುಕಿಕೊಂಡು ಬರುತ್ತದೆ. ಧರ್ಮಪುರಿ ಕಡೆಯ ಕಾಡಿನಲ್ಲಿ, ತರಗೆಲೆಯಡಿ ಬದುಕುವ ನೆಲಗಪ್ಪೆಯೊಂದರ ಮೇಲೆ ಸಂಶೋಧನೆ ಮಾಡುವುದು ನನ್ನ ಕೆಲಸ. ಅಮ್ಮನಿಗೆ ನನ್ನ ಮದುವೆಯದೊಂದೇ ಚಿಂತೆ. ನನ್ನ ಕೆಲಸ ಏನೆಂದು ಗೊತ್ತಾದ ಮೇಲೆ ಎರಡು ಮನೆಯವರು ಫೋನೇ ಎತ್ತಲಿಲ್ಲ.

ಬಸ್ಸಿನಲ್ಲಿ

ಈ ಕಪ್ಪೆ ಮಣ್ಣಿಗೆ ಹಿಮ್ಮುಖವಾಗಿ ಇಳಿಯುತ್ತದೆ. ಹಿಂಗಾಲಲ್ಲಿ ತೋಡುತ್ತಾ, ನಮ್ಮನ್ನೇ ನೋಡುತ್ತಾ, ನಿಧಾನವಾಗಿ ಮಾಯವಾಗುತ್ತದೆ. ಅನುಮತಿ ಪಡೆದು ಒಂದನ್ನು ಮಣ್ಣಿನ ಡಬ್ಬಿಯಲ್ಲಿ ಸೇಲಂಗೆ ಒಯ್ಯುತ್ತಿದ್ದೆ. ಕಂಡಕ್ಟರ್ ಏನದು ಎಂದು ಕೇಳಿದ, ಕಪ್ಪೆ ಅಂದೆ. ಮುಚ್ಚಳ ತೆಗೆಸಿ ನೋಡಿದರೆ ಅದು ತಳ ಸೇರಿತ್ತು. "ಎನ್ನ ತಂಬಿ, ವೆರುಂ ಮಣ್ಣು?" ಅಂದ, ಬರೀ ಮಣ್ಣಿದೆಯಲ್ಲಪ್ಪಾ ಎಂದು. ತೂತಿನ ಮುಚ್ಚಳ, ಕಾಡಿನ ಮಣ್ಣು, ಮೇಲೊಂದು ಸುಳ್ಳು. ಯಾರಿಗೋ ಮಾಟ ಮಾಡಿಸಲು ಹೊರಟವನೆಂದು ಇಡೀ ಬಸ್ಸು ತೀರ್ಮಾನಿಸಿತು. ಅಷ್ಟು ರಷ್ಷಿನಲ್ಲೂ ಮೂವರ ಸೀಟಿನಲ್ಲಿ ಒಬ್ಬನೇ ಕೂತು ಸೇಲಂ ತಲುಪಿದೆ.

ಮನೆ ಬಾಗಿಲಲ್ಲಿ

ಮೇಚೇರಿ ಸಂತೆಯಲ್ಲಿ ಮಗ ಏನು ಮಾಡುತ್ತಾನೆಂದು ಯಾರೋ ವಿಚಾರಿಸಿದಾಗ ಅಮ್ಮ ನನ್ನನ್ನು ಫಾರೆಸ್ಟ್ ಆಫೀಸರ್ ಅಂದುಬಿಟ್ಟಳು. ಮಾರನೇ ಬೆಳಿಗ್ಗೆ, ಕಾಡಲ್ಲಿ ಮೇಯಿಸಲು ಪರ್ಮಿಷನ್ ಬೇಕೆಂದು ಕುರಿಗಾರರು ಬಂದರು, ಕುರಿಗಳ ಸಮೇತ. ನಾನು ಆಫೀಸರಲ್ಲ ಎಂದು ಬಿಡಿಸಿ ಹೇಳುವಷ್ಟರಲ್ಲಿ ನಮ್ಮ ಹಿತ್ತಲಿನ ಸೊಪ್ಪೆಲ್ಲ ಖಾಲಿ.

"ಇವತ್ತೊಂದಿನ ಪರ್ಮಿಷನ್ ಕೊಟ್ಬುಡು ಲಾ, ಎಲ್ಲಾ ಓಗ್ಲಿ" ಅಂದಳು ಅಮ್ಮ.

ಹೆಣ್ಣಿನ ಮನೆಯಲ್ಲಿ

ನಲ್ಲಂಪಳ್ಳಿ ಹತ್ತಿರ ಮೂರನೇ ಹೆಣ್ಣು ನೋಡಲು ಹೋದೆವು. ಕಪ್ಪೆಯ ಸುದ್ದಿ ಎತ್ತಬೇಡವೆಂದು ಅಮ್ಮ ದಾರಿಯುದ್ದಕ್ಕೂ ಹೇಳಿದ್ದಳು. ಹುಡುಗಿಯ ಅಪ್ಪ ಕೂತ ಕೂಡಲೇ ಕೇಳಿದ್ದು ಅದನ್ನೇ, ಕಾಡಲ್ಲಿ ಏನು ಕೆಲಸ ಅಂತ. ಹೆದರಿದರೆ ನಾನು ಪಾಠ ಶುರು ಮಾಡುತ್ತೇನೆ. ಮೊದಲ ಮಳೆಗೆ ಗಂಡುಕಪ್ಪೆಗಳು ಒಂದೊಂದು ಗುಂಡಿ ಹಿಡಿದು ಕೂಗುತ್ತವೆ, ಹೆಣ್ಣು ಸುಮ್ಮನೆ ಎಲ್ಲವನ್ನೂ ಕೇಳಿಸಿಕೊಂಡು ತಾನೇ ಒಂದನ್ನು ಆರಿಸುತ್ತದೆ ಎಂದೆ. ಅಮ್ಮ ತಲೆ ಮೇಲೆ ಕೈ ಇಟ್ಟುಕೊಂಡಳು.

ಬಾಗಿಲ ಬಳಿ ನಿಂತಿದ್ದ ಹುಡುಗಿ ಆಗ ಬಾಯಿ ತೆರೆದಳು. "ಯಾವ್ದೂ ಇಷ್ಟ ಆಗ್ಲಿಲ್ಲಾಂದ್ರೆ?"

"ಪಕ್ಕದ್ ಗುಂಡಿಗೆ ಓಯ್ತದೆ" ಅಂದೆ.

ಇಷ್ಟು ವರ್ಷ ಕಪ್ಪೆ ನೋಡಿದವನಿಗೆ, ನಮ್ಮ ಮನೆಗಳಲ್ಲಿ ಹುಡುಗಿಯನ್ನು ಯಾರೂ ಕೇಳುವುದಿಲ್ಲ ಎಂಬುದು ಹೊಳೆದದ್ದು ಆಗಲೇ. ನಾಚಿಕೆಯಾಯಿತು. ಅವಳ ಅಪ್ಪನಿಗೂ ಏನೋ ಅನಿಸಿರಬೇಕು. ನನ್ನನ್ನು ಬಿಟ್ಟು ಮಗಳ ಕಡೆ ತಿರುಗಿ, ನೀನೇನು ಹೇಳುತ್ತೀಯಮ್ಮ ಎಂದು ಕೇಳಿದರು.

ಅವಳು ನನ್ನನ್ನು ಸಾವಕಾಶವಾಗಿ, ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಹೇಳಿದಳು:

"ನಾನು ಪಕ್ಕದ್ ಗುಂಡಿಗೆ ಓಗಲ್ಲಪ್ಪಾ."