ಬಚ್ಚಲ ಕೊಳವೆಯಲ್ಲಿ ಅರುಂಧತಿ

ನಾನು ಘಂಟಾಘೋಷವಾಗಿ ಹೇಳಿದ ಮಾತೇ ನನಗೆ ತಿರುಗುಬಾಣ ಆಗೋದು ಮೊದಲಿಂದ ನಡೆದುಬಂದದ್ದು. ಹಾಗಂತ ನನ್ನ ಧೈರ್ಯ ಒಂದು ದಿನವೂ ಕಮ್ಮಿಯಾಗಿಲ್ಲ. ಐವತ್ತರ ದಶಕದಲ್ಲಿ ನಾನು ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದೆ. ಕೈಯಲ್ಲಿ ಕಸುಬಿದ್ದವನಿಗೆ ಆಕಾಶ ಯಾವ ಲೆಕ್ಕ? ಒಂದು ಭಾನುವಾರ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋದಾಗ ಗುಜರಿ ಅಂಗಡಿಯಲ್ಲಿ ಹಳೇ ದುರ್ಬೀನಿನ ಗಾಜುಗಳು ಸಿಕ್ಕಿದವು. ಕೊಳವೆ ಮನೆಯಲ್ಲೇ ಇತ್ತು. ಬಚ್ಚಲ ಒಲೆಯ ಹೊಗೆ ಹೊರಗೆ ಹೋಗಲಿ ಅಂತ ನನ್ನ ಹೆಂಡತಿ ಆರು ತಿಂಗಳು ಹೇಳಿ ಹೇಳಿ ತರಿಸಿದ್ದ ತಗಡಿನ ಕೊಳವೆ. ಮೂರೇ ಸಂಜೆಯಲ್ಲಿ ಅದು ಟೆಲಿಸ್ಕೋಪ್ ಆಗಿ ಹಿತ್ತಲಲ್ಲಿ ಕರಿಬೇವಿನ ಗಿಡದ ಪಕ್ಕ ನಿಂತಿತು.

ಹೆಂಡತಿ ಹೊಗೆಯಿಂದ ಕೆಂಪಾದ ಕಣ್ಣು ಒರೆಸಿಕೊಳ್ಳುತ್ತಾ ಬಂದು ನೋಡಿದಳು. "ಒಂದು ವಾರ ಬಿಡ್ತೀನಿ. ಅಷ್ಟರಲ್ಲಿ ನಾನು ಕೇಳಿದ್ದೊಂದನ್ನ ಇದರಲ್ಲಿ ತೋರಿಸಿದ್ರೆ ಇಟ್ಕೊಳ್ಳಿ. ಇಲ್ಲಾಂದ್ರೆ ಕೊಳವೆ ಬಚ್ಚಲಿಗೆ."

"ಏನು ಬೇಕು ಕೇಳು," ಅಂದೆ.

"ಆಮೇಲೆ ಹೇಳ್ತೀನಿ. ಮೊದಲು ನಿಮಗೇನು ಕಾಣುತ್ತೋ ನೋಡೋಣ."

ಮಂಗಳ ಗ್ರಹ

ಮೊದಲ ಸಂಜೆಯೇ ಮಂಗಳ ಸಿಕ್ಕಿತು. ಕೆಂಪಗೆ, ದುಂಡಗೆ, ಏನು ಕಳೆ ಅಂತೀರಿ. ಅಕ್ಕಪಕ್ಕದ ಕ್ವಾರ್ಟರ್ಸಿನವರೆಲ್ಲ ಸಾಲಾಗಿ ನಿಂತು ನೋಡಿದರು. ಅರ್ಧ ಗಂಟೆಯಾದರೂ ಅದು ಒಂದಿಷ್ಟೂ ಕದಲಲಿಲ್ಲ. "ದೊಡ್ಡ ಗ್ರಹಗಳಿಗೆ ಗಾಂಭೀರ್ಯ ಜಾಸ್ತಿ," ಅಂತ ವಿವರಿಸಿದೆ.

ಕೊನೆಗೆ ಎದುರು ಮನೆಯವರ ಸರದಿ ಬಂತು. ಅವರು ನಮ್ಮ ಕಾರ್ಖಾನೆಯಲ್ಲೇ ಎಲೆಕ್ಟ್ರಿಷಿಯನ್, ಸೇಲಂ ಕಡೆಯವರು. ಬಹಳ ಹೊತ್ತು ನೋಡಿದರು.

"ಚೆನ್ನಾಗಿದೆ ಸಾರ್," ಅಂದರು. "ಆದ್ರೆ ಇದು ನಮ್ಮ ಕಾರ್ಖಾನೆ ಚಿಮಣಿ ತುದಿಯ ಕೆಂಪು ಲೈಟು. ನಿನ್ನೆ ನಾನೇ ಹತ್ತಿ ಹೊಸ ಬಲ್ಬು ಹಾಕಿದ್ದು."

ಶನಿ ಹೋದ

ಆರು ದಿನ ಕಳೆಯಿತು. ಚಂದ್ರನನ್ನ ತೋರಿಸಿದೆ, ಹೆಂಡತಿ "ಅದು ಬರಿಗಣ್ಣಿಗೂ ಕಾಣುತ್ತೆ" ಅಂದಳು. ಏಳನೇ ಸಂಜೆ ನಮ್ಮ ಪುರೋಹಿತರು ಶಿವಮೊಗ್ಗದಿಂದ ಬಂದರು. ನಮ್ಮ ಮದುವೆ ಮಾಡಿಸಿದವರೂ ಅವರೇ, ನನಗೆ ಏಳೂವರೆ ವರ್ಷದ ಶನಿಕಾಟ ಅಂತ ಜಾತಕ ನೋಡಿ ಹೇಳಿದವರೂ ಅವರೇ. ಅವರ ಮಾತಿನ ಮೇಲೆ ನನ್ನ ಹೆಂಡತಿ ಶನಿವಾರ ಶನಿವಾರ ಎಳ್ಳೆಣ್ಣೆ ದೀಪ ಹಚ್ಚುತ್ತಿದ್ದಳು.

ಅವತ್ತು ಶನಿಯನ್ನೇ ಹಿಡಿದಿದ್ದೆ. ಬಳೆ ತೊಟ್ಟ ಹಾಗೆ ಸುತ್ತ ಉಂಗುರ, ಸ್ಪಷ್ಟ. "ಬನ್ನಿ, ನೋಡಿ," ಅಂದೆ.

ಪುರೋಹಿತರು ಎರಡು ಹೆಜ್ಜೆ ಹಿಂದೆ ಸರಿದರು. "ಅವನು ನಮ್ಮನ್ನ ನೋಡೋದೇ ಸಾಕಾಗಿದೆ ಮಾರಾಯ, ನಾವೇ ಹೋಗಿ ಕಣ್ಣಲ್ಲಿ ಕಣ್ಣಿಡೋದಾ?"

ಆದರೂ ಆಸೆ ಬಿಡಬೇಕಲ್ಲ. ಏನೋ ಮಂತ್ರ ಹೇಳಿಕೊಂಡು ಒಂದು ಕಣ್ಣು ಇಟ್ಟರು. "ಎಷ್ಟು ಲಕ್ಷಣವಾಗಿದ್ದಾನಯ್ಯಾ. ಸುಮ್ಮನೆ ಬೈತೀವಲ್ಲ ನಾವು," ಅಂತ ಮೈಮರೆತರು. ಭೂಮಿ ತಿರುಗುತ್ತಲ್ಲ, ನಿಜವಾದ ಗ್ರಹ ಕೊಳವೆಯೊಳಗೆ ನಿಲ್ಲೋದಿಲ್ಲ. ಮೆಲ್ಲಗೆ ಅಂಚಿಗೆ ಸರಿದು ಮಾಯವಾಯಿತು. ಪುರೋಹಿತರು ಗಾಬರಿಯಾಗಿ ಕೂಗಿದರು. "ಅರೆ, ಶನಿ ಹೋದ. ಪೂರ್ತಿ ಬಿಟ್ಟು ಹೋದ."

ಅಡಿಗೆ ಮನೆಯಿಂದ ಹೆಂಡತಿಯ ದನಿ ಬಂತು. "ಹಾಗಾದ್ರೆ ಈ ಶನಿವಾರದಿಂದ ಎಳ್ಳೆಣ್ಣೆ ಬೇಡ್ವಾ?"

ಅರುಂಧತಿ

ಅವಳು ಕೈ ಒರೆಸಿಕೊಂಡು ಹಿತ್ತಲಿಗೆ ಬಂದಳು. "ನಾಳೆಗೆ ವಾರ ಆಯ್ತು. ಈಗ ಕೇಳ್ತೀನಿ. ನನಗೆ ಅರುಂಧತಿ ತೋರಿಸಿ."

ಅವಳು ಪುರೋಹಿತರ ಕಡೆ ತಿರುಗಿ ಹೇಳಿದಳು. "ತಪ್ಪು ತಿಳ್ಕೋಬೇಡಿ. ಮದುವೆ ದಿನ ಮಟಮಟ ಮಧ್ಯಾಹ್ನ ಚಪ್ಪರದ ಆಚೆ ಕೈ ತೋರಿಸಿ 'ಅಗೋ ಅರುಂಧತಿ, ಕಾಣಿಸ್ತಾ?' ಅಂದ್ರಿ. ನನಗೆ ಕಾಣಿಸಿದ್ದು ತೆಂಗಿನ ಗರಿ. ಕಾಣಿಸ್ತು ಅಂದ್ಬಿಟ್ಟೆ. ಹನ್ನೆರಡು ವರ್ಷದಿಂದ ಮನಸ್ಸಿಗೆ ಚುಚ್ತಾನೇ ಇದೆ."

"ನನಗೂ ಗರಿಯೇ ಕಾಣಿಸಿದ್ದು," ಅಂದೆ. ಪುರೋಹಿತರು ಶಲ್ಯ ಸರಿಮಾಡಿಕೊಂಡರು.

ಕೊಳವೆಯನ್ನ ಉತ್ತರಕ್ಕೆ ತಿರುಗಿಸಿ, ಸಪ್ತರ್ಷಿ ಮಂಡಲದ ಬಾಲದಲ್ಲಿ ವಸಿಷ್ಠನನ್ನ ಹುಡುಕಿದೆ. ಎರಡು ಸಲ ತಪ್ಪಿತು, ಮೂರನೇ ಸಲ ಸಿಕ್ಕಿತು. ಅವಳು ಬಗ್ಗಿದಳು.

ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೆ ನೋಡಿದಳು. ಆಮೇಲೆ, "ಕಾಣಿಸ್ತು ರೀ," ಅಂದಳು. ದನಿ ಒದ್ದೆಯಾಗಿತ್ತು. "ಇವರು ವಸಿಷ್ಠರು. ಅಗೋ ಸ್ವಲ್ಪ ಆಚೆಗೆ ಅರುಂಧತಿ. ಕೊಳವೆ ಇಲ್ಲೇ ಇರಲಿ. ಹೊಗೆ ನಾನು ಹೇಗೋ ತಡ್ಕೋತೀನಿ."

ನನಗೆ ನಿಜವಾಗಿ ಖುಷಿಯಾಯಿತು. ಗೆದ್ದೆ ಅಂತ ಎದೆಯುಬ್ಬಿಸಿ ಪುರೋಹಿತರ ಕಡೆ ನೋಡಿದೆ. ಅವಳು ಮಾತ್ರ ಇನ್ನೂ ಕಣ್ಣು ತೆಗೆದಿರಲಿಲ್ಲ.

"ರೀ," ಅಂದಳು. "ಅರುಂಧತಿ ಅಷ್ಟು ದೂರ ಇದ್ದಾಳಲ್ಲ. ವಸಿಷ್ಠರಿಗೆ ಅಂಟ್ಕೊಂಡು ಇನ್ನೊಬ್ಬಳು ಇದ್ದಾಳಲ್ಲ, ಅವಳು ಯಾರು?"

ನಾನು ನೋಡಿದೆ. ಹೌದು, ವಸಿಷ್ಠನ ಮಗ್ಗುಲಲ್ಲೇ ಇನ್ನೊಂದು ಚುಕ್ಕಿ, ಬರಿಗಣ್ಣಿಗೆ ಯಾವತ್ತೂ ಕಾಣದ್ದು. ಮೆಲ್ಲಗೆ ಪಕ್ಕಕ್ಕೆ ಸರಿದು ಪುರೋಹಿತರಿಗೆ ಜಾಗ ಬಿಟ್ಟೆ. ಪುರೋಹಿತರೂ ಬಂದು ಬಗ್ಗಿ ನೋಡಿದರು. ನಿಧಾನವಾಗಿ ಸೊಂಟ ನೆಟ್ಟಗೆ ಮಾಡಿಕೊಂಡರು.

"ಅದಕ್ಕೇ ತಾಯಿ," ಅಂದರು, "ನಾವು ಅರುಂಧತೀನ ಹಗಲು ಹೊತ್ತಲ್ಲಿ ತೋರಿಸೋದು."